ಗಟ್ಟಿ ಲೋಹ ಆಮೇಲೆ, ಮೊದಲು ನಳಿಗೆ ಅಳೆಯಿರಿ

ಪ್ರಶ್ನೆ: ನಾನು ಕುಶಾಲನಗರದವನು, ಈಗ ಅಮೆರಿಕದ ಕೊಲೊರಾಡೊದಲ್ಲಿದ್ದೇನೆ. 1885ರ ವಿಂಚೆಸ್ಟರ್ ಹೈ ವಾಲ್ ಮಾದರಿಯ ಹೊಸ ರೈಫಲ್ ಕೊಂಡಿದ್ದೇನೆ, .45-70 ತೋಟಾದ್ದು. 405 ಗ್ರೇನ್ (ಸುಮಾರು 26 ಗ್ರಾಂ) ತೂಕದ ಗುಂಡನ್ನು ನಾನೇ ಎರಕ ಹೊಯ್ಯುತ್ತೇನೆ. 30 ಪಾಲು ಸೀಸಕ್ಕೆ 1 ಪಾಲು ತವರ. ಮದ್ದು ಮಾತ್ರ ಹೊಗೆಯಿಲ್ಲದ ಆಧುನಿಕ ಮದ್ದು. ಹತ್ತು ಗುಂಡು ಹಾರಿಸುವಷ್ಟರಲ್ಲಿ ತೋಟಾ ಕೂರುವ ಜಾಗದ ಮುಂದೆಯೇ ನಳಿಗೆಗೆ ಸೀಸ ಮೆತ್ತಿಕೊಳ್ಳುತ್ತದೆ, ಗುರಿ ಚೆದುರುತ್ತದೆ. ಕ್ಲಬ್ಬಿನ ಹಿರಿಯರೊಬ್ಬರು ಲೈನೋಟೈಪ್ ಲೋಹ, ಅಂದರೆ ಹಿಂದೆ ಮುದ್ರಣದ ಅಕ್ಷರ ಎರಕ ಹೊಯ್ಯುತ್ತಿದ್ದ ಗಟ್ಟಿ ಸೀಸ, ಹಾಕು ಅಂತಾರೆ. ಹಾಕಲೇ?

ಉತ್ತರ: ಈಗಲೇ ಬೇಡ. ಸೀಸ ಎಲ್ಲಿ ಮೆತ್ತಿಕೊಂಡಿದೆ ಅಂತ ನೀವೇ ಬರೆದಿದ್ದೀರಿ, ಅದರಲ್ಲೇ ಅರ್ಧ ಉತ್ತರ ಇದೆ. ನಳಿಗೆಯ ತುದಿಯಲ್ಲಿ ಮೆತ್ತಿದರೆ ಸಾಮಾನ್ಯವಾಗಿ ಗುಂಡಿಗೆ ಹಚ್ಚಿದ ಜಿಡ್ಡು ದಾರಿಯಲ್ಲೇ ಮುಗಿದಿದೆ ಎಂದರ್ಥ. ಬುಡದಲ್ಲೇ ಮೆತ್ತಿದರೆ ಗುಂಡು ನಳಿಗೆಗಿಂತ ಸಣ್ಣದಿರುವ ಸಾಧ್ಯತೆ ಜಾಸ್ತಿ. ಬಿಸಿ ಅನಿಲ ಗುಂಡಿನ ಪಕ್ಕದಿಂದ ನುಗ್ಗಿ ಸೀಸವನ್ನು ಕೊರೆದು ನಳಿಗೆಗೆ ಬಳಿಯುತ್ತದೆ.

ಹಾಗಾದರೆ ಹಿಂದಿನವರಿಗೆ ಮೆದು ಸೀಸ ಹೇಗೆ ನಡೆಯಿತು? .45-70 ಹುಟ್ಟಿದ್ದು 1873ರಲ್ಲಿ, ಅಮೆರಿಕದ ಸೈನ್ಯದ ಸ್ಪ್ರಿಂಗ್‌ಫೀಲ್ಡ್ ರೈಫಲ್‌ಗಾಗಿ. ಆಗ ಅದರೊಳಗೆ ಇದ್ದದ್ದು ಕರಿಮದ್ದು. ಕರಿಮದ್ದು ಒಮ್ಮೆಲೇ ಗುದ್ದುತ್ತದೆ. ಆ ಗುದ್ದಿಗೆ ಮೆದು ಗುಂಡಿನ ಬುಡ ಉಬ್ಬಿ ನಳಿಗೆಯೊಳಗಿನ ಸುರುಳಿ ತೋಡುಗಳನ್ನು ತುಂಬಿಕೊಳ್ಳುತ್ತಿತ್ತು. ಹಾಗಾಗಿ ಗುಂಡು ಕೊಂಚ ಸಣ್ಣದಿದ್ದರೂ ನಡೆಯುತ್ತಿತ್ತು. ಹೊಗೆಯಿಲ್ಲದ ಮದ್ದು ನಿಧಾನವಾಗಿ ಒತ್ತುತ್ತಾ ಹೋಗುತ್ತದೆ. ಅದು ಗುಂಡನ್ನು ಉಬ್ಬಿಸಿಕೊಡುತ್ತದೆ ಅಂತ ನಂಬಿ ಕೂರಬಾರದು. ಗುಂಡು ಮೊದಲೇ ಸರಿಯಾದ ಅಳತೆಯಲ್ಲಿರಬೇಕು.

ಆದ್ದರಿಂದ ನಳಿಗೆ ಅಳೆಯಿರಿ. ರೈಫಲ್ ಖಾಲಿ ಇದೆಯೇ ಅಂತ ಎರಡು ಸಲ ನೋಡಿ. ನಳಿಗೆಗೆ ಎಣ್ಣೆ ಸವರಿ. ಅದಕ್ಕಿಂತ ತುಸು ದಪ್ಪ ಇರುವ ಅಪ್ಪಟ ಸೀಸದ ತುಂಡೊಂದನ್ನು ತುದಿಯಿಂದ ಬಡಿದು, ಹಿತ್ತಾಳೆ ಸರಳಿನಿಂದ ಮೆಲ್ಲಗೆ ಬುಡದ ಕಡೆಗೆ ತಳ್ಳಿ. ಹೊರಬಂದ ತುಂಡಿನ ಮೇಲೆ ತೋಡುಗಳ ಗುರುತು ಉಬ್ಬಿಕೊಂಡಿರುತ್ತದೆ. ಅದರ ಅಡ್ಡಳತೆಯನ್ನು ಮೈಕ್ರೋಮೀಟರಿನಲ್ಲೇ ತೆಗೆಯಿರಿ, ಕ್ಯಾಲಿಪರ್ ಸಾಲದು. 0.458 ಇಂಚು ಬಂದರೆ ಗುಂಡು 0.459 ಅಥವಾ 0.460 ಇರಬೇಕು. ಕಾಗದದ ಮೇಲಿನ ಅಳತೆಯನ್ನು ನಂಬಬೇಡಿ. ನನ್ನ .38-55 ತೋಟಾದ ರೈಫಲ್‌ನ ತೋಡು 0.380 ಇಂಚು. ಅದಕ್ಕೆಂದೇ ಅಂಗಡಿಯಲ್ಲಿ ಮಾರುವ 0.375ರ ಗುಂಡು ಅದರಲ್ಲಿ ಯಾವತ್ತೂ ನೆಟ್ಟಗೆ ಹೋಗಲಿಲ್ಲ.

ಈಗ ಲೈನೋಟೈಪ್ ವಿಷಯ. ನಿಮ್ಮ ಹಿರಿಯರು ಸುಳ್ಳು ಹೇಳುತ್ತಿಲ್ಲ. ಅದನ್ನು ಹಾಕಿದರೆ ಸೀಸ ಮೆತ್ತುವುದು ನಿಂತರೂ ನಿಲ್ಲಬಹುದು. ಆದರೆ ಕಾರಣ ಬರೀ ಗಟ್ಟಿತನವಲ್ಲ. ಲೈನೋಟೈಪ್‌ನಲ್ಲಿ 84 ಪಾಲು ಸೀಸ, 12 ಪಾಲು ಆಂಟಿಮನಿ, 4 ಪಾಲು ತವರ. ಆಂಟಿಮನಿ ಇದ್ದಲ್ಲಿ ಲೋಹ ತಣಿಯುವಾಗ ಕಡಿಮೆ ಕುಗ್ಗುತ್ತದೆ. ಮುದ್ರಣದವರಿಗೆ ಅದು ಬೇಕಿದ್ದದ್ದೇ ಅಕ್ಷರದ ಅಂಚು ಚೂಪಾಗಿ ಬರಲಿ ಎಂದು. ಅದೇ ಅಚ್ಚಿನಲ್ಲಿ ಲೈನೋಟೈಪ್ ಹೊಯ್ದರೆ ಗುಂಡು ತುಸು ದಪ್ಪಗೆ, ತುಸು ಹಗುರಾಗಿ ಬರುತ್ತದೆ. ನಿಮ್ಮ 1:30 ಲೋಹ ಹೆಚ್ಚು ಕುಗ್ಗಿ ಸಣ್ಣದಾಗಿ ಬೀಳುತ್ತದೆ. ಅಂದರೆ ದುಬಾರಿ ಲೋಹ ಕೊಟ್ಟು ನೀವು ಕೊಳ್ಳುವುದು ಇಂಚಿನ ಸಾವಿರದ ಒಂದೆರಡು ಭಾಗದ ದಪ್ಪವನ್ನು. ಅದನ್ನು ಸರಿಯಾದ ಅಚ್ಚಿನಿಂದಲೇ ಪಡೆಯಬಹುದು. ಮೇಲಾಗಿ ಲೈನೋಟೈಪ್ ಗಾಜಿನಂತೆ ಸಿಡಿಯುವ ಲೋಹ. ಬೇಟೆಗೆ ನನಗೆ ಅದು ಇಷ್ಟವಿಲ್ಲ.

ಹಾಗಾದರೆ ಏನು ಹಾಕಬೇಕು? ಲೋಹದ ಗಟ್ಟಿತನ ಅಳೆಯುವ ಬ್ರಿನೆಲ್ ಮಾನದಲ್ಲಿ (ಅಂಕಿ ಹೆಚ್ಚಿದಷ್ಟೂ ಗಟ್ಟಿ) ಅಪ್ಪಟ ಸೀಸ 5, ನಿಮ್ಮ 1:30 ಸುಮಾರು 9, 1:20 ಸುಮಾರು 10, ಲೈಮನ್ ನಂ. 2 ಎನ್ನುವ ಲೋಹ 15, ಲೈನೋಟೈಪ್ 22. ಸೆಕೆಂಡಿಗೆ 1,300 ಅಡಿ ಆಸುಪಾಸಿನ ವೇಗಕ್ಕೆ, ಅಂದರೆ ಹಳೆಯ ಸೈನ್ಯದ ತೋಟಾದಷ್ಟೇ ವೇಗಕ್ಕೆ, 1:20 ಧಾರಾಳ ಸಾಕು. ನಾನು ನಿಮ್ಮ ಜಾಗದಲ್ಲಿದ್ದರೆ ಅದನ್ನೇ ಹಾಕುತ್ತಿದ್ದೆ. ಇನ್ನೂ ವೇಗ ಬೇಕೆಂದರೆ ನಂ. 2 ಹಾಕಿ. ಅದು 90 ಸೀಸ, 5 ತವರ, 5 ಆಂಟಿಮನಿ. ಗುಂಡಿನ ಬುಡಕ್ಕೆ ಗ್ಯಾಸ್ ಚೆಕ್ ಎನ್ನುವ ಪುಟ್ಟ ತಾಮ್ರದ ಬಟ್ಟಲು ಕೂರುವ ಅಚ್ಚನ್ನು ಆರಿಸಿ. ಕಾರಿನ ಚಕ್ರಕ್ಕೆ ಕ್ಲಿಪ್ ಹಾಕುವ ಹಳೆ ಸೀಸದ ತೂಕ 9 ಪೌಂಡ್, ಅರ್ಧ ತವರ ಅರ್ಧ ಸೀಸದ ಬೆಸುಗೆ ಕಡ್ಡಿ 1 ಪೌಂಡ್ ಸೇರಿಸಿದರೆ ನಂ. 2ಕ್ಕೆ ಹತ್ತಿರದ ಲೋಹ ಸಿಗುತ್ತದೆ. ಈಗ ಆ ತೂಕಗಳಲ್ಲಿ ಸತುವಿನವೂ ಬೆರೆತಿರುತ್ತವೆ. ಸೀಸ 327 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ, ಸತು 420ಕ್ಕೆ. ಬೆಂಕಿ ಹದದಲ್ಲಿಟ್ಟರೆ ಸತುವಿನ ತುಂಡು ಮೇಲೆ ತೇಲುತ್ತದೆ, ಸೌಟಿನಲ್ಲಿ ಎತ್ತಿ ಬಿಸಾಡಿ. ಒಮ್ಮೆ ಕರಗಿ ಬೆರೆತರೆ ಆ ಪಾತ್ರೆಯ ಲೋಹ ಅಚ್ಚಿನ ಮೂಲೆಗಳನ್ನು ತುಂಬುವುದೇ ಇಲ್ಲ.

ಆಂಟಿಮನಿ ಇರುವ ಗುಂಡನ್ನು ಹೊಯ್ದ ದಿನವೇ ಅಳೆದು ಮೆದು ಅಂತ ತೀರ್ಮಾನಿಸಬೇಡಿ. ಒಂದೆರಡು ವಾರದಲ್ಲಿ ಅದು ತಾನೇ ಗಟ್ಟಿಯಾಗುತ್ತದೆ. ತವರ ಮಾತ್ರ ಇರುವುದು ಹಾಗೆ ಆಗುವುದಿಲ್ಲ.

ಜಿಡ್ಡನ್ನೂ ಬದಲಿಸಿ ನೋಡಿ. ಹೊಗೆಯಿಲ್ಲದ ಮದ್ದಿಗೆ ಜೇನುಮೇಣ, ಆಲಾಕ್ಸ್ ಎನ್ನುವ ಪೆಟ್ರೋಲಿಯಂ ಜಿಡ್ಡು ಸಮಪಾಲು ಬೆರೆಸಿದ್ದು ಹಳೆಯ, ನಂಬಬಹುದಾದ ಜಿಡ್ಡು. ಹೊಸ ಗುಂಡು ಹಾಕುವ ಮೊದಲು ಮೆತ್ತಿರುವ ಸೀಸವನ್ನು ಪೂರ್ತಿ ತೆಗೆಯಿರಿ, ಇಲ್ಲದಿದ್ದರೆ ಪರೀಕ್ಷೆಗೆ ಅರ್ಥವಿಲ್ಲ. ಹಳೆ ಬ್ರಷ್ಷಿಗೆ ಪಾತ್ರೆ ತಿಕ್ಕುವ ತಾಮ್ರದ ಎಳೆ ಸುತ್ತಿ ಉಜ್ಜಿ. ಅಯಸ್ಕಾಂತಕ್ಕೆ ಅಂಟಿದರೆ ಅದು ತಾಮ್ರ ಬಳಿದ ಉಕ್ಕು, ನಳಿಗೆಯೊಳಗೆ ಬೇಡ.

ಮದ್ದಿನ ಪ್ರಮಾಣ ನಾನು ಹೇಳುವುದಿಲ್ಲ. .45-70ಕ್ಕೆ ಕೈಪಿಡಿಗಳಲ್ಲಿ ರೈಫಲ್‌ನ ಬಲಕ್ಕೆ ತಕ್ಕಂತೆ ಮೂರು ಬೇರೆ ಬೇರೆ ಪಟ್ಟಿ ಇರುತ್ತವೆ. ನಿಮ್ಮ ರೈಫಲ್ ಮಾಡಿದವರು ಹೇಳಿದ ಮಿತಿಯೊಳಗಿನ ಪಟ್ಟಿ ಹಿಡಿಯಿರಿ. ಗುಂಡು ಅಥವಾ ಲೋಹ ಬದಲಾದಾಗಲೆಲ್ಲ ಕೆಳಗಿನ ಪ್ರಮಾಣದಿಂದ ಮತ್ತೆ ಶುರು ಮಾಡಿ.

ಎರಕ ಹೊಯ್ಯುವುದು ಮನೆಯ ಹೊರಗೆ, ಗಾಳಿಯಾಡುವ ಕಡೆ ಇರಲಿ. ಕರಗಿದ ಸೀಸದ ಹತ್ತಿರ ಒಂದು ಹನಿ ನೀರೂ ಬೇಡ, ಆವಿಯಾಗಿ ಸಿಡಿಯುತ್ತದೆ. ಮೇಲಿನ ಕಿಟ್ಟದ ದೂಳು ವಿಷ. ಕೈ ತೊಳೆಯದೆ ಕಾಫಿ ಲೋಟ ಮುಟ್ಟಬೇಡಿ, ಮಕ್ಕಳನ್ನು ಹತ್ತಿರ ಬಿಡಬೇಡಿ.

ಪ್ರಶ್ನೆ: ನಾನು ವಿರಾಜಪೇಟೆಯವನು. ನಮ್ಮ ಮನೆಯ ಕೋವಿಗೆ ನಾವೂ ಹೀಗೆ ಇಲ್ಲಿ ಗುಂಡು, ತೋಟಾ ಮಾಡಿಕೊಳ್ಳಬಹುದೇ? ಕೊಡವರಿಗೆ ವಿನಾಯಿತಿ ಇದೆ ಅಲ್ವಾ?

ಉತ್ತರ: ಇಲ್ಲ, ಮಾಡಬಾರದು. ಕೊಡವರಿಗೂ ಕೊಡಗಿನ ಪಾರಂಪರಿಕ ಜಮ್ಮಾ ಜಮೀನಿನ ಹಿಡುವಳಿದಾರರಿಗೂ ಇರುವ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ ಸಂಬಂಧಿಸಿದ್ದು. ಅದನ್ನು ಕೇಂದ್ರ ಸರ್ಕಾರ 2019ರಲ್ಲಿ 2029ರವರೆಗೆ ಮುಂದುವರಿಸಿದೆ. ಮದ್ದುಗುಂಡು ತಯಾರಿಸುವುದು ಬೇರೆ ವಿಷಯ. 1959ರ ಶಸ್ತ್ರಾಸ್ತ್ರ ಕಾಯಿದೆಯ 5ನೇ ಸೆಕ್ಷನ್ ಪ್ರಕಾರ ಅದಕ್ಕೆ ಲೈಸೆನ್ಸ್ ಬೇಕು. ಮೇಲಿನ ಉತ್ತರ ಅಮೆರಿಕದ ಓದುಗರಿಗೆ ಬರೆದದ್ದು. ನೀವು ತೋಟಾವನ್ನು ಲೈಸೆನ್ಸ್ ಇರುವ ಅಂಗಡಿಯಿಂದಲೇ ತನ್ನಿ, ರಸೀದಿ ಇಟ್ಟುಕೊಳ್ಳಿ.