ಅಡಿಕೆಗೆ ಇನ್ನು ಮೂರು ದಿನ ಬಿಸಿಲು

ಪ್ರಶ್ನೆ: ಮೇಷ್ಟ್ರು ಬೋರ್ಡಿನ ಮೇಲೆ ಬಿಡಿಸಿದ ಫೈನೈಟ್ ಆಟೊಮೇಟಾ ಅರ್ಥವಾಗುತ್ತದೆ. ಪರೀಕ್ಷೆಯಲ್ಲಿ ಬರೀ ಮಾತಿನಲ್ಲಿ ವಿವರಿಸಿ 'ಡಿಎಫ್‌ಎ ಬರೆಯಿರಿ' ಅಂದರೆ ಪೆನ್ನೇ ಓಡುವುದಿಲ್ಲ. ಎಲ್ಲಿಂದ ಶುರು ಮಾಡಲಿ?
– ವಿದ್ಯಾರ್ಥಿನಿ, ತೀರ್ಥಹಳ್ಳಿ

ಉತ್ತರ: ಡಿಎಫ್‌ಎ ಅಂದರೆ ಅಕ್ಷರಗಳನ್ನು ಒಂದೊಂದಾಗಿ ಓದುತ್ತ, ಪ್ರತಿ ಅಕ್ಷರಕ್ಕೂ ಒಂದೇ ಬಾಣ ಹಿಡಿದು ಒಂದು ಸ್ಟೇಟ್‌ನಿಂದ (ಸ್ಥಿತಿಯಿಂದ) ಇನ್ನೊಂದಕ್ಕೆ ಹೋಗುವ ಕಾಲ್ಪನಿಕ ಯಂತ್ರ; ಚಿತ್ರದಲ್ಲಿ ಪ್ರತಿ ಸ್ಟೇಟ್ ಒಂದು ವೃತ್ತ. ಮೊದಲು ಮಾತನ್ನು ಸರಿಯಾಗಿ ಹಿಡಿಯಿರಿ, ವೃತ್ತ ಆಮೇಲೆ. ಬೇಯಿಸಿದ ಅಡಿಕೆ ಅಂಗಳದಲ್ಲಿ ಹರಡಿದೆ ಅಂದುಕೊಳ್ಳಿ. ದಿನಕ್ಕೊಂದು ಅಕ್ಷರ: ಬಿಸಿಲಿದ್ದರೆ 'ಬ', ಮಳೆ ಬಂದರೆ 'ಮ'. ಅಜ್ಜ ಹೇಳುತ್ತಾರೆ, 'ಇನ್ನು ಮೂರು ದಿನ ಬಿಸಿಲು ಬೇಕು.' ಸುಲಭದ ಮಾತು ಅಲ್ವಾ? ಆದರೆ ಬಿಡದೆ ಮೂರು ದಿನವೋ, ನಡುವೆ ಮಳೆ ಬಂದರೂ ಒಟ್ಟು ಮೂರು ಆದರೆ ಸಾಕೋ? ಮೂರೇ ಇರಬೇಕೋ, ಜಾಸ್ತಿ ಆದರೂ ಸರಿಯೋ?

ಈಗ ಕೇಳಿಕೊಳ್ಳಿ: ಇಲ್ಲಿಯವರೆಗೆ ಕಳೆದದ್ದರಲ್ಲಿ ಏನು ನೆನಪಿದ್ದರೆ ಸಾಕು? ಮಳೆ ಯಾವತ್ತು ಬಂತು ಅನ್ನುವುದು ಬೇಡ. ಎಷ್ಟು ಬಿಸಿಲು ಕೈಯಲ್ಲಿದೆ ಅನ್ನುವುದಷ್ಟೇ ಬೇಕು: 0, 1, 2, 3. ಅವೇ ನಾಲ್ಕು ಸ್ಟೇಟ್. 0 ಆರಂಭ, 3 ಒಪ್ಪಿಗೆ (ಓದಿ ಮುಗಿದಾಗ ಇಲ್ಲಿದ್ದರೆ 'ಸರಿ' ಅಂತ), 3 ಮುಟ್ಟಿದ ಮೇಲೆ ಏನು ಬಂದರೂ ಅಲ್ಲೇ. 'ಬ' ಬಂದರೆ ಒಂದು ಹೆಜ್ಜೆ ಮುಂದೆ. 'ಮ' ಬಂದರೆ? ಬಿಡದೆ ಮೂರು ಬೇಕಿದ್ದರೆ 1ರಿಂದಲೂ 2ರಿಂದಲೂ ಬಾಣ ಸೀದಾ 0ಗೆ. ಒಟ್ಟು ಮೂರು ಸಾಕಿದ್ದರೆ ಬಾಣ ಇದ್ದಲ್ಲೇ ಸುತ್ತುತ್ತದೆ. ವೃತ್ತಗಳು ಅವೇ, ಮಳೆಯ ಬಾಣ ಮಾತ್ರ ಬೇರೆ, ಇದು ಮೊದಲ ಸಲ ಹೊಳೆದಾಗ ನನಗೆ ತುಂಬಾ ಖುಷಿಯಾಗಿತ್ತು. ಒಟ್ಟು ಮೂರೇ ಇರಬೇಕು ಅಂದರೆ ಐದನೆಯದೊಂದು ಸ್ಟೇಟ್ ಬೇಕು: ನಾಲ್ಕನೇ 'ಬ' ಅಲ್ಲಿಗೆ ತಳ್ಳುತ್ತದೆ, ಅಲ್ಲಿಂದ ವಾಪಸ್ ದಾರಿಯಿಲ್ಲ.

ಪ್ರತಿ ವೃತ್ತದ ಪಕ್ಕ ಅದರ ಅರ್ಥವನ್ನು ಕನ್ನಡದಲ್ಲೇ ಒಂದು ಸಾಲು ಬರೆಯಿರಿ. ಬರೆಯಲಾಗದಿದ್ದರೆ ಆ ವೃತ್ತ ಸುಮ್ನೆ ಬಂದಿದೆ. ಆಮೇಲೆ 'ಬಬಮಬ' ಓಡಿಸಿ ನೋಡಿ: ಬಿಡದೆ ಮೂರು ಬೇಕೆನ್ನುವ ಯಂತ್ರ 1ರಲ್ಲಿ ನಿಲ್ಲುತ್ತದೆ, ಒಟ್ಟು ಮೂರು ಸಾಕೆನ್ನುವುದು 3ರಲ್ಲಿ. ಒಂದು ಅಕ್ಷರವೂ ಇಲ್ಲದ ಸ್ಟ್ರಿಂಗನ್ನೂ (ಅಕ್ಷರಗಳ ಸಾಲನ್ನೂ) ಮರೆಯಬೇಡಿ.

ಪ್ರಶ್ನೆ: 'ಕೊನೆಯಿಂದ ಮೂರನೇ ದಿನ ಮಳೆ ಬಂದಿರಬೇಕು' ಅನ್ನುವುದಕ್ಕೆ ನನಗೆ 8 ಸ್ಟೇಟ್ ಬಂತು, ಗೆಳೆಯನಿಗೆ 4. ಯಾರದು ತಪ್ಪು?
– ಓದುಗ, ಸಾಗರ

ಉತ್ತರ: ಇಬ್ಬರದೂ ಸರಿ ಇರಬಹುದು. ನಿಮ್ಮದು ಡಿಎಫ್‌ಎ. ಕೊನೆಯ ದಿನ ಯಾವುದು ಅಂತ ಅದಕ್ಕೆ ಮೊದಲೇ ಗೊತ್ತಾಗುವುದಿಲ್ಲ, ಹಾಗಾಗಿ ಹಿಂದಿನ ಮೂರೂ ದಿನ ನೆನಪಿಡಲೇಬೇಕು, 2×2×2. ಗೆಳೆಯನದು ಎನ್‌ಎಫ್‌ಎ ಇರಬೇಕು, ಅಂದರೆ ಒಂದೇ ಅಕ್ಷರಕ್ಕೆ ಒಂದಕ್ಕಿಂತ ಹೆಚ್ಚು ಬಾಣ ಇರಬಹುದಾದ ಯಂತ್ರ: 'ಇದೇ ಆ ಮಳೆ' ಅಂತ ಊಹಿಸಿ ಮುಂದೆ ಎರಡು ದಿನ ಎಣಿಸುತ್ತದೆ. ಎನ್‌ಎಫ್‌ಎ ಮಾಡುವ ಕೆಲಸವನ್ನೆಲ್ಲ ಡಿಎಫ್‌ಎಯೂ ಮಾಡಬಲ್ಲದು ಅಂತ ಕಂಪ್ಯೂಟರ್ ವಿಜ್ಞಾನಿಗಳಾದ ರಾಬಿನ್ ಮತ್ತು ಸ್ಕಾಟ್ 1959ರಲ್ಲೇ ತೋರಿಸಿದರು. ಪ್ರಶ್ನೆಯಲ್ಲಿ ಡಿಎಫ್‌ಎ ಅಂತಲೇ ಕೇಳಿದ್ದರೆ ಗೆಳೆಯನೂ 8ಕ್ಕೇ ಬರಬೇಕು, ಅದಕ್ಕಿಂತ ಕಡಿಮೆಯಲ್ಲಿ ಆಗುವುದಿಲ್ಲ.