ಹೆದರಿಕೆ ಅರ್ಧ ದಾರಿಯವರೆಗೆ

ಹದಿಮೂರು ವರ್ಷದ ಮಗಳಿಗೆ ರಾನ್ಸಮ್ ರಿಗ್ಸ್ ಬರೆದ ‘ಮಿಸ್ ಪೆರಿಗ್ರಿನ್ಸ್ ಹೋಮ್ ಫಾರ್ ಪೆಕ್ಯೂಲಿಯರ್ ಚಿಲ್ಡ್ರನ್’ ಕೊಡಬಹುದಾ, ತುಂಬಾ ಹೆದರಿಕೆಯಾ ಅಂತ ಕೇಳಿದ್ದೀರಿ. ಕೊಡಿ. ಆದರೆ ಮೊದಲ ಅಧ್ಯಾಯ ನೀವೇ ಒಮ್ಮೆ ಓದಿಬಿಡಿ. ಮನೆ ಹಿಂದಿನ ಕಾಡಿನಲ್ಲಿ ಹುಡುಗ ಟಾರ್ಚ್ ಹಿಡಿದು ತಾತನನ್ನು ಹುಡುಕುವ ಭಾಗ ಅದು. ರಕ್ತ ಇದೆ.

ನನಗೆ ಜಾಸ್ತಿ ಹೆದರಿಕೆಯಾಗಿದ್ದು ಪುಸ್ತಕದಲ್ಲಿರುವ ಫೋಟೋಗಳಿಂದ. ಅವು ನಿಜವಾದ ಹಳೇ ಫೋಟೋಗಳು, ಸಂಗ್ರಹಕಾರರಿಂದ ತಂದವು. ಮುಖಪುಟದ ಹುಡುಗಿಯನ್ನು ಸುಮ್ನೆ ನೋಡಿದರೆ ಏನೂ ಅನ್ನಿಸಲ್ಲ. ಕಾಲ ಕೆಳಗೆ ನೋಡಿ, ಬೂಟು ನೆಲಕ್ಕೆ ತಾಗಿಲ್ಲ!

ಕಥೆ ವೇಲ್ಸ್‌ನ ದ್ವೀಪಕ್ಕೆ ಹೋಗಿ, 1940ರ ಸೆಪ್ಟೆಂಬರ್ 3 ಎಂಬ ಒಂದೇ ದಿನ ಮತ್ತೆ ಮತ್ತೆ ಮರುಕಳಿಸುವ ಮನೆ ಸೇರಿದ ಮೇಲೆ ಹೆದರಿಕೆ ಇಳಿದು ಸಾಹಸ ಶುರುವಾಗುತ್ತದೆ. ಮಕ್ಕಳಿಗೆ ಅದೇ ಇಷ್ಟವಾಗಬಹುದು. ನನಗೆ ಮಾತ್ರ ಊಟದ ಮಧ್ಯೆ ಎಲೆ ಎತ್ತಿದ ಹಾಗಾಯಿತು. ಇನ್ನೊಂದು ಕಿರಿಕಿರಿ: ತಾತ ಪ್ರೀತಿಸಿದ ಹುಡುಗಿಯನ್ನೇ ಮೊಮ್ಮಗನೂ ಇಷ್ಟಪಡುತ್ತಾನೆ. ಅವಳಿಗೆ ವಯಸ್ಸಾಗಲ್ಲ, ಸರಿ, ಆದರೂ ಒಂಥರಾ ಅಲ್ವಾ? ಇಷ್ಟಾದರೂ ಎರಡನೇ ಭಾಗ ತರಿಸಿಕೊಂಡೆ.

ಕೊಳ್ಳುವುದಾದರೆ ಕಾಗದದ ಪ್ರತಿಯೇ ಕೊಳ್ಳಿ. ಮೊಬೈಲ್‌ನಲ್ಲಿ ಫೋಟೋಗಳು ಅಂಚೆಚೀಟಿ ಥರ ಕಾಣುತ್ತವೆ.