ಕೆರೆಯಂಚಿನ ಅಳತೆ ಯಾರ ಅಧಿಕಾರ?

ಪ್ರಶ್ನೆ: ನಮ್ಮ ಬಡಾವಣೆಯ ಕೆರೆಯಿಂದ ಸುಮಾರು 40 ಮೀಟರ್ ದೂರದಲ್ಲಿ ದೊಡ್ಡ ವಸತಿ ಸಮುಚ್ಚಯವೊಂದು ಏಳುತ್ತಿದೆ. ಕೆರೆಯ ಸುತ್ತ 75 ಮೀಟರ್ ಜಾಗ ಬಿಡಬೇಕೆಂದು ಹಸಿರು ನ್ಯಾಯಮಂಡಳಿ ಹೇಳಿತ್ತು. ಅದನ್ನು ಸುಪ್ರೀಂ ಕೋರ್ಟ್ ರದ್ದು ಮಾಡಿದೆ ಎನ್ನುತ್ತಾರೆ. ಇದು ನಿಜವೇ? ನಿಜವಾದರೆ ದೂರು ಕೊಡಲು ನಮಗೆ ಉಳಿದಿರುವ ದಾರಿ ಯಾವುದು?
– ಓದುಗರೊಬ್ಬರು, ಬೆಂಗಳೂರು

ಉತ್ತರ: ನೀವು ಕೇಳಿರುವುದು ನಿಜ. ಅಗರ ಮತ್ತು ಬೆಳ್ಳಂದೂರು ಕೆರೆಗಳ ನಡುವಿನ ಜಾಗದಲ್ಲಿ ಆರಂಭವಾಗಿದ್ದ ಕಟ್ಟಡ ಯೋಜನೆಗಳ ವಿರುದ್ಧದ ಅರ್ಜಿಯನ್ನು ವಿಚಾರಣೆ ಮಾಡಿದ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2016ರ ಮೇ ತಿಂಗಳಲ್ಲಿ, ಬೆಂಗಳೂರಿನ ಕೆರೆಗಳ ಸುತ್ತ 75 ಮೀಟರ್ ಹಾಗೂ ರಾಜಕಾಲುವೆಗಳಿಗೆ ಅವುಗಳ ದರ್ಜೆಗೆ ತಕ್ಕಂತೆ 50, 35 ಮತ್ತು 25 ಮೀಟರ್ ಬಫರ್ ವಲಯ ಬಿಡಬೇಕೆಂದು ಆದೇಶಿಸಿತ್ತು. 2007ರಲ್ಲಿ ಅನುಮೋದನೆಗೊಂಡ, ನಗರದ ಪರಿಷ್ಕೃತ ಮಹಾಯೋಜನೆಯಲ್ಲಿ (ಮಾಸ್ಟರ್ ಪ್ಲಾನ್) ಕೆರೆಗೆ ಇದ್ದದ್ದು 30 ಮೀಟರ್ ಮಾತ್ರ. 2019ರ ಮಾರ್ಚ್ 5ರಂದು ಸುಪ್ರೀಂ ಕೋರ್ಟ್ 75 ಮೀಟರ್ ನಿಯಮವನ್ನು ತೆಗೆದುಹಾಕಿತು.

ಆದರೆ ಆ ತೀರ್ಪಿನ ಅರ್ಥ ಕೆರೆಗೆ 30 ಮೀಟರ್ ಸಾಕು ಎಂದಲ್ಲ. ನ್ಯಾಯಾಲಯದ ಮುಂದಿದ್ದ ಪ್ರಶ್ನೆ ಅಧಿಕಾರದ್ದು. ಮಹಾಯೋಜನೆಯು ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961ರ ಅಡಿಯಲ್ಲಿ ರೂಪುಗೊಂಡದ್ದು. ಅದಕ್ಕೆ ಶಾಸನದ ಬಲವಿದೆ. ಹಸಿರು ನ್ಯಾಯಮಂಡಳಿಯಾದರೋ 2010ರ ಕಾಯ್ದೆಯಿಂದ ಹುಟ್ಟಿದ ಸಂಸ್ಥೆ. ಆ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಹೆಸರಿಸಿರುವ ಜಲ, ವಾಯು, ಅರಣ್ಯ ಸಂರಕ್ಷಣೆ, ಪರಿಸರ ಸಂರಕ್ಷಣೆ ಮೊದಲಾದ ಏಳು ಕಾಯ್ದೆಗಳ ಜಾರಿಯಿಂದ ಉದ್ಭವಿಸುವ ವ್ಯಾಜ್ಯಗಳನ್ನಷ್ಟೇ ಅದು ತೀರ್ಮಾನಿಸಬಲ್ಲದು. ನಗರ ಯೋಜನೆಯ ಕಾಯ್ದೆ ಆ ಪಟ್ಟಿಯಲ್ಲಿಲ್ಲ. ಹೀಗಾಗಿ ಇಡೀ ನಗರಕ್ಕೆ ಅನ್ವಯಿಸುವ ಶಾಸನಬದ್ಧ ಅಳತೆಯನ್ನು ನ್ಯಾಯಮಂಡಳಿ ಬದಲಿಸಲಾಗದು ಎಂಬುದು ತೀರ್ಪಿನ ತಿರುಳು. ಕಾನೂನಿನ ತರ್ಕವಾಗಿ ಇದನ್ನು ಅಲ್ಲಗಳೆಯುವುದು ಕಷ್ಟ. ಅದರ ಬೆಲೆಯನ್ನು ಕೆರೆಗಳು ತೆತ್ತವು ಎಂಬುದೂ ಅಷ್ಟೇ ಸತ್ಯ.

ಅಳತೆಯನ್ನು ನಿಗದಿಪಡಿಸುವ ಅಧಿಕಾರ ಶಾಸಕಾಂಗಕ್ಕೆ ಮತ್ತು ಯೋಜನಾ ಪ್ರಾಧಿಕಾರಕ್ಕೆ ಸೇರಿದ್ದೆಂದರೆ, ಅದನ್ನು ಇಳಿಸುವ ಅಧಿಕಾರವೂ ಅಲ್ಲಿಯೇ ಇರುತ್ತದೆ. 2025ರ ಆಗಸ್ಟ್‌ನಲ್ಲಿ ರಾಜ್ಯ ವಿಧಾನಮಂಡಲವು ಅಂಗೀಕರಿಸಿದ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರ ಕಾಯ್ದೆಯ ತಿದ್ದುಪಡಿ ಮಸೂದೆಯು 100 ಎಕರೆಗಿಂತ ದೊಡ್ಡ ಕೆರೆಗಳಿಗೆ ಮಾತ್ರ 30 ಮೀಟರ್ ಉಳಿಸಿ, ಒಂದು ಎಕರೆಯವರೆಗಿನ ಕೆರೆಗೆ 3 ಮೀಟರ್, ಐದು ಗುಂಟೆಯೊಳಗಿನದಕ್ಕೆ ಏನೂ ಬೇಡ ಎಂದು ವಿಸ್ತೀರ್ಣದ ಲೆಕ್ಕದಲ್ಲಿ ಶ್ರೇಣಿ ಹಾಕಿತು. ಇದು ತಪ್ಪು ಲೆಕ್ಕವೆಂದೇ ನನ್ನ ಅಭಿಪ್ರಾಯ. ನಮ್ಮ ಕೆರೆಗಳು ಸರಪಳಿಯಾಗಿ ಕಟ್ಟಿದವು. ಮೇಲಿನ ಪುಟ್ಟ ಕೆರೆ ತುಂಬಿ ಕೋಡಿ ಬಿದ್ದ ನೀರು ಕಾಲುವೆಯಲ್ಲಿ ಹರಿದು ಕೆಳಗಿನ ದೊಡ್ಡ ಕೆರೆಯನ್ನು ಸೇರುತ್ತದೆ. ಮೇಲಿನದನ್ನು ಒತ್ತರಿಸಿ ಕೆಳಗಿನದನ್ನು ಕಾಪಾಡಲಾಗದು.

ಅಧಿಕಾರದ ಪ್ರಶ್ನೆಯಲ್ಲಿ ನ್ಯಾಯಾಲಯ ಯಾವಾಗಲೂ ಪರಿಸರ ಸಂಸ್ಥೆಗಳ ಕೈ ಕಟ್ಟಿದೆ ಎಂದು ತಿಳಿಯಬೇಡಿ. ದೆಹಲಿಯಲ್ಲಿ ಮಾಲಿನ್ಯ ನಿಯಂತ್ರಣ ಸಮಿತಿಯ ಸಮ್ಮತಿ ಪಡೆಯದ ಕಟ್ಟಡಗಳಿಂದ ಆ ಸಮಿತಿಯು ಪರಿಹಾರ ಧನ ಕೇಳಿದಾಗ, ಅಂಥ ಅಧಿಕಾರ ಅದಕ್ಕಿಲ್ಲವೆಂದು ಅಲ್ಲಿನ ಹೈಕೋರ್ಟ್ ಹೇಳಿತ್ತು. 2025ರ ಆಗಸ್ಟ್ 4ರಂದು ಸುಪ್ರೀಂ ಕೋರ್ಟ್ ಇದನ್ನು ಒಪ್ಪದೆ, ಜಲ ಕಾಯ್ದೆಯ 33ಎ ಮತ್ತು ವಾಯು ಕಾಯ್ದೆಯ 31ಎ ಸೆಕ್ಷನ್‌ಗಳ ಅಡಿಯಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿಗಳು ಪರಿಹಾರ ಧನ ವಸೂಲು ಮಾಡಬಹುದು, ಹಾನಿ ಸಂಭವಿಸುವ ಮೊದಲೇ ಬ್ಯಾಂಕ್ ಗ್ಯಾರಂಟಿಯನ್ನೂ ಕೇಳಬಹುದು ಎಂದಿತು. ಅದಕ್ಕೆ ಮುನ್ನ ಸಹಜ ನ್ಯಾಯಕ್ಕೆ (ಎದುರು ಪಕ್ಷದ ವಾದವನ್ನೂ ಕೇಳಬೇಕೆಂಬ ತತ್ವಕ್ಕೆ) ಅನುಗುಣವಾದ ನಿಯಮಗಳು ರೂಪುಗೊಳ್ಳಬೇಕೆಂಬ ಷರತ್ತನ್ನೂ ಹಾಕಿತು. ಈ ತೀರ್ಪು ನಮ್ಮ ರಾಜ್ಯದ ಮಂಡಳಿಗೂ ಅನ್ವಯಿಸುತ್ತದೆ.

ಇನ್ನು ನಿಮ್ಮ ಕೆರೆಯ ವಿಷಯ. 40 ಮೀಟರ್ ಎಂಬುದನ್ನು ಎಲ್ಲಿಂದ ಅಳೆದಿದ್ದೀರಿ ಎಂದು ಮೊದಲು ನೋಡಿ. ಲೆಕ್ಕಕ್ಕೆ ಬರುವುದು ಕಂದಾಯ ದಾಖಲೆಯಲ್ಲಿರುವ ಕೆರೆಯ ಗಡಿಯೇ ಹೊರತು ಈಗ ನೀರು ನಿಂತಿರುವ ಅಂಚಲ್ಲ. ಆ ಗಡಿಯಿಂದಲೂ 40 ಮೀಟರ್ ಇದ್ದರೆ, ಅಂತರದ ಕಾರಣವೊಂದನ್ನೇ ಮುಂದಿಟ್ಟು ಗೆಲ್ಲುವುದು ಕಷ್ಟ. ಆಗ ದೂರನ್ನು ಆ ಏಳು ಕಾಯ್ದೆಗಳೊಳಗೆ ಕಟ್ಟಬೇಕು: ನಿರ್ಮಾಣದ ವಿಸ್ತೀರ್ಣ 20,000 ಚದರ ಮೀಟರ್ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಪರಿಸರ ಅನುಮತಿ ಪಡೆದಿದ್ದಾರೆಯೇ, ಮಂಡಳಿಯ ಸಮ್ಮತಿ ಇದೆಯೇ, ಕೊಳಚೆ ನೀರು ರಾಜಕಾಲುವೆಗೆ ಹೋಗುತ್ತಿದೆಯೇ ಎಂಬುದಕ್ಕೆ ದಾಖಲೆ ಮತ್ತು ದಿನಾಂಕಸಹಿತ ಚಿತ್ರಗಳನ್ನು ಒಟ್ಟುಮಾಡಿ ಮಂಡಳಿಗೆ ಲಿಖಿತ ದೂರು ಕೊಡಿ. ಮಂಡಳಿಯ ಉತ್ತರಕ್ಕಾಗಿ ಬಹುಕಾಲ ಕಾಯಬೇಡಿ. ಹಸಿರು ನ್ಯಾಯಮಂಡಳಿ ಕಾಯ್ದೆಯ 14ನೇ ಸೆಕ್ಷನ್ ಅಡಿಯಲ್ಲಿ ನ್ಯಾಯಮಂಡಳಿಗೆ ಹೋಗಲು, ವ್ಯಾಜ್ಯದ ಕಾರಣ ಮೊದಲು ಉಂಟಾದ ದಿನದಿಂದ ಆರು ತಿಂಗಳ ಅವಧಿಯಿದೆ, ಸಕಾರಣವಿದ್ದರೆ ಇನ್ನೂ 60 ದಿನ ಸಿಗಬಹುದು.